ಮಾಲ್ದೀವ್ಸ್: ಸರ್ವಾಧಿಕಾರದ ಆರೋಪ, ದಂಗೆಯ ಗುಸುಗುಸು (ಪದೇ ಪದೇ ಕೇಳುವ ಪ್ರಶ್ನೆಗಳು)

ಮಾಲ್ದೀವ್ಸಿನ ಒಂದು ಸಣ್ಣ ದ್ವೀಪದ ಸರ್ಕಾರಿ ಶಾಲೆಯಲ್ಲಿ ಕೆಲವು ವರ್ಷ ಗಣಿತ ಕಲಿಸಿ ಊರಿಗೆ ಮರಳಿದವನು ನಾನು. ಅಲ್ಲಿ ಗಲಾಟೆ ಎಂದು ಟಿವಿಯಲ್ಲಿ ಪಟ್ಟಿ ಓಡಿದ ದಿನ ನನ್ನ ಫೋನಿಗೆ ಬಿಡುವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. 2025ರವರೆಗಿನ ಸಂಗತಿಗಳು ಇದರಲ್ಲಿವೆ.

## ಹೊಸಬರಿಗೆ

"ಅದು ಹನಿಮೂನ್ ಜಾಗ ಅಲ್ವಾ ಸಾರ್? ಅಲ್ಲಿ ರಾಜಕೀಯ ಎಲ್ಲಿಂದ ಬಂತು?"

ಹನಿಮೂನಿಗೆ ಹೋದವರಿಗೆ ಕಾಣದಂತೆಯೇ ಆ ದೇಶ ಕಟ್ಟಿಕೊಂಡಿದೆ. ಸುಮಾರು 1,200 ದ್ವೀಪಗಳಲ್ಲಿ ಊರಿನವರು ವಾಸಿಸುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. ರೆಸಾರ್ಟುಗಳದ್ದು ಬೇರೆಯೇ ದ್ವೀಪಗಳು. ವಿಮಾನ ಇಳಿದ ಪ್ರವಾಸಿಗ ಸ್ಪೀಡ್ ಬೋಟ್ ಹತ್ತಿ ನೇರ ತನ್ನ ಮರಳದಂಡೆಗೆ ಹೋಗುತ್ತಾನೆ, ರಾಜಧಾನಿ ಮಾಲೆಗೆ ಕಾಲೂ ಇಡುವುದಿಲ್ಲ. ನಾಗರಿಕರ ಸಂಖ್ಯೆ 2022ರ ಜನಗಣತಿಯಂತೆ 3.8 ಲಕ್ಷದ ಆಸುಪಾಸು, ನಮ್ಮ ಮೈಸೂರು ನಗರದ ಅರ್ಧವೂ ಇಲ್ಲ.

ಮಾಲೆಯ ಮೂಲ ದ್ವೀಪ ಎರಡು ಚದರ ಕಿಲೋಮೀಟರು ಅಷ್ಟೆ. ಜುಂಹೂರೀ ಮೈದಾನದಲ್ಲಿ ನಿಂತರೆ ಪೊಲೀಸ್ ಮುಖ್ಯ ಕಚೇರಿ ಇತ್ತ, ಸೈನ್ಯದ ಮುಖ್ಯ ಕಚೇರಿ ಬಂಡಾರ ಕೋಶಿ ಅತ್ತ. ಸಂಸತ್ತು (ಅವರು ಮಜ್ಲಿಸ್ ಅನ್ನುತ್ತಾರೆ), ನ್ಯಾಯಾಲಯ, ಅಧ್ಯಕ್ಷರ ಕಚೇರಿ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರ. ಇನ್ನೂರು ಜನ ಸಿಟ್ಟಾದರೂ ಸರ್ಕಾರದ ಕಿಟಕಿಗೆ ಕೇಳಿಸುತ್ತದೆ. ಅಲ್ಲಿನ 'ದಂಗೆ' ಸುದ್ದಿಯನ್ನು ಓದುವಾಗ ಈ ಅಳತೆ ತಲೆಯಲ್ಲಿರಲಿ.

"ಮೊದಲು ಸುಲ್ತಾನರಿದ್ದರಂತೆ. ಗಣರಾಜ್ಯ ಆದದ್ದು ಯಾವಾಗ?"

ಎರಡು ಸಲ ಆಯಿತು. ಮೊದಲನೆಯದು 1953ರ ಜನವರಿ 1ರಂದು, ಮೊಹಮ್ಮದ್ ಅಮೀನ್ ದೀದಿ ಅಧ್ಯಕ್ಷರಾಗಿ. ಅವರು ಚಿಕಿತ್ಸೆಗೆಂದು ಸಿಲೋನಿಗೆ ಹೋಗಿದ್ದಾಗ ಇತ್ತ ಕುರ್ಚಿ ಹೋಯಿತು. ಮರಳಿ ಬಂದಮೇಲೆ ಮಾಲೆಯಲ್ಲಿ ಗುಂಪೊಂದು ಅವರನ್ನು ಹೊಡೆದು ನಜ್ಜುಗುಜ್ಜು ಮಾಡಿತು. 1954ರ ಜನವರಿಯಲ್ಲಿ ವಿಹಮನಾಫುಶಿ ಎಂಬ ದ್ವೀಪದಲ್ಲಿ ಸತ್ತರು. ದೇಶದ ಮೊಟ್ಟಮೊದಲ ರೆಸಾರ್ಟು 1972ರಲ್ಲಿ ತೆರೆದದ್ದು ಅದೇ ದ್ವೀಪದಲ್ಲಿ! ಅಲ್ಲಿ ತಂಗುವ ಎಷ್ಟು ಮಂದಿಗೆ ಇದು ಗೊತ್ತೋ.

ಮತ್ತೆ ಸುಲ್ತಾನರು ಬಂದರು. 1965ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿತು, 1968ರ ನವೆಂಬರ್ 11ರಂದು ಎರಡನೆಯ ಗಣರಾಜ್ಯ ಘೋಷಣೆಯಾಗಿ ಇಬ್ರಾಹಿಂ ನಾಸಿರ್ ಅಧ್ಯಕ್ಷರಾದರು. 1974ರಲ್ಲಿ ದಿನಸಿ ಬೆಲೆ ಏರಿದ್ದಕ್ಕೆ ಜನ ಗುಂಪುಗೂಡಿದಾಗ ನಾಸಿರ್ ಗುಂಡು ಹಾರಿಸಲು ಆಜ್ಞೆ ಕೊಟ್ಟರು. 1978ರಲ್ಲಿ ಅಧಿಕಾರ ಬಿಟ್ಟು ಸಿಂಗಾಪುರ ಸೇರಿದರು.

"ಮೂವತ್ತು ವರ್ಷ ಒಬ್ಬನೇ ಅಧ್ಯಕ್ಷ! ಜನ ಹೇಗೆ ಸಹಿಸಿದರು?"

ಮಾಮೂನ್ ಅಬ್ದುಲ್ ಗಯೂಮ್ 1978ರಿಂದ 2008ರವರೆಗೆ ಆಳಿದರು. ಪ್ರತಿ ಸಲವೂ ಮತದಾನ ನಡೆಯಿತು, ಗೆದ್ದದ್ದು 90ಕ್ಕೂ ಹೆಚ್ಚು ಶೇಕಡಾ ಮತಗಳಿಂದ. ಗುಟ್ಟೇನೆಂದರೆ ಅಭ್ಯರ್ಥಿ ಒಬ್ಬರೇ. ಮಜ್ಲಿಸ್ ಒಬ್ಬರ ಹೆಸರನ್ನು ಆರಿಸಿ ಕಳಿಸುತ್ತಿತ್ತು, ಜನ 'ಹೌದು' ಅಥವಾ 'ಇಲ್ಲ' ಎನ್ನಬೇಕಿತ್ತು. ರಾಜಕೀಯ ಪಕ್ಷಗಳೇ ಇರಲಿಲ್ಲ.

ಎದುರು ಮಾತಾಡಿದವರನ್ನು ದೂರದ ದ್ವೀಪಕ್ಕೆ ಗಡೀಪಾರು ಮಾಡುವುದು ಅಲ್ಲಿನ ಹಳೆಯ ಶಿಕ್ಷೆ. ಗೋಡೆ ಬೇಡ, ಕಾವಲು ಬೇಡ, ಸುತ್ತ ಸಮುದ್ರ ಇದೆಯಲ್ಲ. ಆದರೆ ಭಯವೊಂದರಿಂದಲೇ ಮೂವತ್ತು ವರ್ಷ ಆಳಿದರು ಎಂದರೆ ಅನ್ಯಾಯ. ಶಾಲೆ, ಆಸ್ಪತ್ರೆ, ಪ್ರವಾಸೋದ್ಯಮದ ದುಡ್ಡು ದ್ವೀಪಗಳನ್ನು ಮುಟ್ಟಿದ್ದು ಗಯೂಮ್ ಕಾಲದಲ್ಲೇ. ನಮ್ಮ ದ್ವೀಪದ ಹಿರಿಯರು ತೆಂಗಿನ ನೆರಳಿನಲ್ಲಿ ಜೋಲಿಯ ಮೇಲೆ ಕುಳಿತು ಅವರನ್ನು ಒಂದೇ ಉಸಿರಿನಲ್ಲಿ ಹೊಗಳಿ ಬೈಯುತ್ತಿದ್ದರು. ಜೋಲಿ ಎಂದರೆ ಬಲೆ ಹೆಣೆದ ಕುರ್ಚಿ. ಊರಿನ ರಾಜಕೀಯವೆಲ್ಲ ನಡೆಯುವುದು ಅದರ ಮೇಲೆಯೇ.

"1988ರಲ್ಲಿ ನಮ್ಮ ಸೈನ್ಯ ಹೋಗಿತ್ತಲ್ಲ, ಅದು ಕ್ರಾಂತಿ ಹತ್ತಿಕ್ಕೋಕಾ?"

ಅಲ್ಲ. 1988ರ ನವೆಂಬರ್ 3ರಂದು ಅಬ್ದುಲ್ಲ ಲುತೂಫಿ ಎಂಬ ವ್ಯಾಪಾರಿ ಶ್ರೀಲಂಕಾದ 'ಪ್ಲಾಟ್' ಸಂಘಟನೆಯ ತಮಿಳು ಬಂದೂಕುಧಾರಿಗಳನ್ನು ಬಾಡಿಗೆಗೆ ತಂದು ಮಾಲೆಗೆ ನುಗ್ಗಿಸಿದ. ಜನರ ಪಾತ್ರವೇ ಇರಲಿಲ್ಲ. ಗಯೂಮ್ ನೆರವು ಕೇಳಿದರು, ಆಗ್ರಾದಿಂದ ಹಾರಿದ ನಮ್ಮ ಪ್ಯಾರಾಟ್ರೂಪರುಗಳು ಅಂದೇ ರಾತ್ರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. ಹಡಗಿನಲ್ಲಿ ಪಲಾಯನ ಮಾಡಿದವರನ್ನು ನೌಕಾಪಡೆ ಹಿಡಿಯಿತು. ಗಯೂಮ್ ಇನ್ನೂ ಇಪ್ಪತ್ತು ವರ್ಷ ಉಳಿದರು.

## ಸ್ವಲ್ಪ ಗೊತ್ತಿದ್ದವರಿಗೆ

"ಹಾಗಾದರೆ ಜನ ನಿಜವಾಗಿ ಬೀದಿಗೆ ಇಳಿದದ್ದು ಯಾವಾಗ?"

2003ರ ಸೆಪ್ಟೆಂಬರಿನಲ್ಲಿ. ಮಾಫುಶಿ ಜೈಲಿನಲ್ಲಿ ಇವಾನ್ ನಸೀಮ್ ಎಂಬ 19ರ ಹುಡುಗನನ್ನು ಕಾವಲುಗಾರರು ಹೊಡೆದು ಕೊಂದರು. ಸುದ್ದಿ ಕೇಳಿ ಜೈಲಿನೊಳಗೆ ಕೈದಿಗಳು ತಿರುಗಿಬಿದ್ದಾಗ ಗುಂಡು ಹಾರಿತು, ಇನ್ನೂ ಕೆಲವರು ಸತ್ತರು. ತಾಯಿ ಮಗನ ದೇಹದ ಮೇಲಿನ ಗಾಯಗಳನ್ನು ಮುಚ್ಚದೆ ಊರಿಗೆಲ್ಲ ತೋರಿಸಿದರು. ಮಾಲೆ ಹೊತ್ತಿ ಉರಿಯಿತು.

ಅದೇ ವರ್ಷದ ನವೆಂಬರಿನಲ್ಲಿ ಕೊಲಂಬೊದಲ್ಲಿದ್ದ ದೇಶಭ್ರಷ್ಟರು ಮಾಲ್ದೀವಿಯನ್ ಡೆಮಾಕ್ರಟಿಕ್ ಪಾರ್ಟಿ, ಅಂದರೆ ಎಂಡಿಪಿ, ಕಟ್ಟಿದರು. 2004ರ ಆಗಸ್ಟ್ 13, ಅವರ 'ಕಪ್ಪು ಶುಕ್ರವಾರ', ಜುಂಹೂರೀ ಮೈದಾನದಲ್ಲಿ ಸೇರಿದ್ದ ಜನರನ್ನು ಬಡಿದು ಚದುರಿಸಿ ತುರ್ತು ಪರಿಸ್ಥಿತಿ ಹೇರಿದರು. ಒತ್ತಡ ತಡೆಯಲಾಗದೆ 2005ರ ಜೂನಿನಲ್ಲಿ ಪಕ್ಷಗಳಿಗೆ ಅನುಮತಿ ಸಿಕ್ಕಿತು, 2008ರ ಆಗಸ್ಟಿನಲ್ಲಿ ಹೊಸ ಸಂವಿಧಾನ ಬಂತು. ಅಕ್ಟೋಬರಿನ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತಿನಲ್ಲಿ ಎಂಡಿಪಿಯ ಮೊಹಮ್ಮದ್ ನಶೀದ್ ಸುಮಾರು ಶೇ 54 ಮತ ಪಡೆದು ಗಯೂಮ್ ಅವರನ್ನು ಸೋಲಿಸಿದರು. ಗಯೂಮ್ ಸೋಲನ್ನು ಒಪ್ಪಿ ಇಳಿದರು. ಆ ಪ್ರದೇಶದಲ್ಲಿ ಇದು ದೊಡ್ಡ ಮಾತು, ಅವರ ಬದ್ಧ ವಿರೋಧಿಗಳೂ ಅಲ್ಲಗಳೆಯುವುದಿಲ್ಲ.

"ಮೇಷ್ಟ್ರೇ, ನಶೀದ್ ಒಳ್ಳೆಯವನೋ ಕೆಟ್ಟವನೋ, ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತಿಗೆ ಅವರು ಸಿಗುವುದಿಲ್ಲ. ಗಯೂಮ್ ಕಾಲದಲ್ಲಿ ಪದೇ ಪದೇ ಜೈಲು ಕಂಡವರು. 2009ರಲ್ಲಿ ಸಚಿವ ಸಂಪುಟವನ್ನು ಸಮುದ್ರದಡಿ ಕೂರಿಸಿ ಹವಾಮಾನ ಬದಲಾವಣೆಯ ಕಡೆ ಜಗತ್ತಿನ ಕಣ್ಣು ತಿರುಗಿಸಿದರು. ಅದೇ ಮನುಷ್ಯ 2010ರಲ್ಲಿ ವಿರೋಧಿ ಸಂಸದ ಅಬ್ದುಲ್ಲ ಯಾಮೀನ್ ಅವರನ್ನು ಸೈನ್ಯದ ವಶದಲ್ಲಿಟ್ಟರು, 2012ರ ಜನವರಿ 16ರಂದು ಕ್ರಿಮಿನಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಅಬ್ದುಲ್ಲ ಮೊಹಮ್ಮದ್ ಅವರನ್ನು ಸೈನಿಕರಿಂದ ಬಂಧಿಸಿ ದ್ವೀಪವೊಂದರಲ್ಲಿ ಕೂಡಿಹಾಕಿಸಿದರು.

ಇದರ ಹಿಂದೊಂದು ಗಂಟಿದೆ. ಹೊಸ ಸಂವಿಧಾನದ ಪ್ರಕಾರ ಎರಡು ವರ್ಷದೊಳಗೆ ಹಳೆಯ ನ್ಯಾಯಾಧೀಶರ ಅರ್ಹತೆಯನ್ನು ಒರೆಗೆ ಹಚ್ಚಬೇಕಿತ್ತು. 2010ರ ಆಗಸ್ಟಿನಲ್ಲಿ ನ್ಯಾಯಾಂಗ ಸೇವಾ ಆಯೋಗ ಗಯೂಮ್ ಕಾಲದ ಬಹುತೇಕ ಎಲ್ಲರಿಗೂ ಸಾರಾಸಗಟಾಗಿ ಮತ್ತೆ ಪ್ರಮಾಣವಚನ ಬೋಧಿಸಿಬಿಟ್ಟಿತು. ಆಯೋಗದ ಸದಸ್ಯೆಯಾಗಿದ್ದ ಐಶತ್ ವೆಲೆಜಿನೀ ಇದನ್ನು ಬಹಿರಂಗವಾಗಿ ವಿರೋಧಿಸಿದರು. 2011ರ ಜನವರಿಯಲ್ಲಿ ಹಾಡಹಗಲೇ ರಸ್ತೆಯಲ್ಲಿ ಅವರಿಗೆ ಚೂರಿ ಇರಿದರು. ನ್ಯಾಯಾಂಗ ಸರಿಯಿಲ್ಲ ಎಂಬ ನಶೀದ್ ವಾದದಲ್ಲಿ ಹುರುಳಿತ್ತು. ಅದಕ್ಕೆ ಸೈನಿಕರನ್ನು ಕಳಿಸಿದ್ದು ಮಾತ್ರ ಯಾವ ಲೆಕ್ಕದಲ್ಲೂ ತಾಳೆಯಾಗುವುದಿಲ್ಲ.

"2012ರಲ್ಲಿ ಆದದ್ದು ಕ್ಷಿಪ್ರಕ್ರಾಂತಿಯೋ ರಾಜೀನಾಮೆಯೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆಗ ನಾನು ಅಲ್ಲೇ ಇದ್ದೆ, ಮಾಲೆಯಲ್ಲಲ್ಲ, ನಮ್ಮ ದ್ವೀಪದ ಸ್ಟಾಫ್ ರೂಮಿನ ಟಿವಿ ಮುಂದೆ.

ನ್ಯಾಯಾಧೀಶರ ಬಂಧನದ ನಂತರ ಮೂರು ವಾರ ರಾತ್ರಿ ರಾತ್ರಿ ಪ್ರತಿಭಟನೆ. ಅದಕ್ಕೂ ಮೊದಲು, 2011ರ ಡಿಸೆಂಬರ್ 23ರಂದು, ವಿರೋಧ ಪಕ್ಷಗಳೂ ಧಾರ್ಮಿಕ ಗುಂಪುಗಳೂ 'ಇಸ್ಲಾಂ ರಕ್ಷಣೆ' ಎಂದು ದೊಡ್ಡ ಮೆರವಣಿಗೆ ಮಾಡಿದ್ದವು. ಫೆಬ್ರವರಿ 6ರ ರಾತ್ರಿ ಪೊಲೀಸರ ಒಂದು ದಳ ಆಜ್ಞೆ ಪಾಲಿಸಲು ನಿರಾಕರಿಸಿ ಮೈದಾನದಲ್ಲಿ ಕುಳಿತಿತು. ಬೆಳಗಾಗುವಷ್ಟರಲ್ಲಿ ಸೈನಿಕರಲ್ಲಿ ಕೆಲವರು ಅವರ ಜೊತೆ ಸೇರಿದರು. ಸರ್ಕಾರಿ ಟಿವಿ ಕೇಂದ್ರಕ್ಕೆ ನುಗ್ಗಿದರು, ನಾವು ನೋಡುತ್ತಿದ್ದಂತೆ ವಾಹಿನಿ ಗಯೂಮ್ ಕಾಲದ ಹಳೆಯ ಹೆಸರಿಗೆ ಮರಳಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ದಿವೇಹಿ (ಅಲ್ಲಿನ ಭಾಷೆ) ಮೇಷ್ಟ್ರು ಅಷ್ಟು ನೋಡಿ ಎದ್ದು ಹೋದರು. ಅವರಿಗೆ ಮುಂದಿನದು ನೋಡುವುದು ಬೇಕಿರಲಿಲ್ಲ. ಅದೇ ಬೆಳಗ್ಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಗುಂಪು ನುಗ್ಗಿ ಇಸ್ಲಾಂಪೂರ್ವ ಕಾಲದ ಬೌದ್ಧ ಶಿಲ್ಪಗಳನ್ನು ಪುಡಿ ಮಾಡಿತು. ಸಾವಿರ ವರ್ಷದ ಹವಳಶಿಲ್ಪಗಳವು, ಇನ್ನು ಸಿಗುವುದಿಲ್ಲ.

ಮಧ್ಯಾಹ್ನ ನಶೀದ್ ಟಿವಿಯಲ್ಲಿ ರಾಜೀನಾಮೆ ಹೇಳಿದರು, ಉಪಾಧ್ಯಕ್ಷ ಮೊಹಮ್ಮದ್ ವಹೀದ್ ಹಸನ್ ಕುರ್ಚಿ ಏರಿದರು. ಮರುದಿನ ನಶೀದ್, ಬಂದೂಕಿನ ಬೆದರಿಕೆಯಲ್ಲಿ ಬಿಟ್ಟೆ ಎಂದರು. ದಕ್ಷಿಣದ ಅಡ್ಡು ದ್ವೀಪಗಳಲ್ಲಿ ಪೊಲೀಸ್ ಠಾಣೆಗಳಿಗೆ ಬೆಂಕಿ ಬಿತ್ತು. ಸಿಂಗಾಪುರದ ನಿವೃತ್ತ ನ್ಯಾಯಾಧೀಶರೊಬ್ಬರು ಸಹ ಅಧ್ಯಕ್ಷರಾಗಿದ್ದ ತನಿಖಾ ಆಯೋಗ ಆಗಸ್ಟ್ 30ರಂದು ಕೊಟ್ಟ ವರದಿ, ಇದು ಕ್ಷಿಪ್ರಕ್ರಾಂತಿಯಲ್ಲ, ರಾಜೀನಾಮೆ ಸ್ವಇಚ್ಛೆಯದು ಎಂದಿತು. ನಶೀದ್ ಪರವಾಗಿ ಆಯೋಗದಲ್ಲಿದ್ದ ಸದಸ್ಯರು ವರದಿ ಹೊರಬೀಳುವ ಮುನ್ನವೇ ಹೊರನಡೆದಿದ್ದರು. ಅದೇ ವರದಿ ಪೊಲೀಸರ ದೌರ್ಜನ್ಯದ ತನಿಖೆಯಾಗಬೇಕು ಎಂದೂ ಹೇಳಿತ್ತು, ಆ ಪುಟವನ್ನು ಗೆದ್ದವರು ಓದಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಪೊಲೀಸರು ದಂಗೆಯೆದ್ದು, ಸೈನಿಕರು ಜೊತೆಗೂಡಿ, ಟಿವಿ ಕೇಂದ್ರ ಕೈಬದಲಾದ ಬೆಳಗ್ಗೆ ಬರೆದ ಕಾಗದವನ್ನು ಸ್ವಇಚ್ಛೆಯದೆನ್ನಲು ನನಗೆ ಬಾಯಿ ಬರುವುದಿಲ್ಲ. ಎಂಡಿಪಿಯವರು ಆ ಪೊಲೀಸರಿಗೆ 'ಬಾಗೀ' ಎನ್ನತೊಡಗಿದರು, ಅಂದರೆ ದ್ರೋಹಿ. ನಮ್ಮ ಶಾಲೆಯ ಮಕ್ಕಳು ಜಗಳವಾಡುವಾಗಲೂ ಅದೇ ಬೈಗುಳ.

"ಬೆಂಗಳೂರಿನ ಕಂಪನಿಯ ಏರ್‌ಪೋರ್ಟ್ ಗುತ್ತಿಗೆ ಕಿತ್ತುಕೊಂಡರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?"

ಇದೆ. ಮಾಲೆ ವಿಮಾನ ನಿಲ್ದಾಣವನ್ನು ಬೆಳೆಸಿ ನಡೆಸುವ ಗುತ್ತಿಗೆ 2010ರಲ್ಲಿ ಆಗ ಬೆಂಗಳೂರಿನಲ್ಲಿ ನೆಲೆಸಿದ್ದ ಜಿಎಂಆರ್ ಸಮೂಹಕ್ಕೆ ಸಿಕ್ಕಿತ್ತು. ವಿರೋಧಿಗಳಿಗೆ ಅದು ನಶೀದ್ ದೇಶ ಮಾರಿದ್ದಕ್ಕೆ ಸಾಕ್ಷಿ. ವಹೀದ್ ಸರ್ಕಾರ 2012ರ ನವೆಂಬರಿನಲ್ಲಿ ಗುತ್ತಿಗೆ ರದ್ದು ಮಾಡಿತು. ಸಿಂಗಾಪುರದ ಮಧ್ಯಸ್ಥಿಕೆಯಲ್ಲಿ ಸೋತು 2016ರಲ್ಲಿ 27 ಕೋಟಿ ಡಾಲರಿನಷ್ಟು ಪರಿಹಾರ ಕಟ್ಟಬೇಕಾಯಿತು. ಅಷ್ಟು ಚಿಕ್ಕ ದೇಶಕ್ಕೆ ದುಬಾರಿ ದೇಶಪ್ರೇಮ.

## ಯಾಮೀನ್ ಕಾಲ

"ಯಾಮೀನ್ ಚುನಾವಣೆ ಗೆದ್ದೇ ಬಂದದ್ದು. ಮತ್ತೆ ಸರ್ವಾಧಿಕಾರಿ ಹೇಗಾಗ್ತಾನೆ?"

ಗೆದ್ದ ಬಗೆಯನ್ನೂ ಸ್ವಲ್ಪ ನೋಡಿ. 2013ರ ಸೆಪ್ಟೆಂಬರ್ 7ರ ಮೊದಲ ಸುತ್ತಿನಲ್ಲಿ ನಶೀದ್ ಶೇ 45 ಪಡೆದು ಮುಂದಿದ್ದರು, ಗಯೂಮ್ ಅವರ ಮಲಸಹೋದರ ಯಾಮೀನ್ ಶೇ 25. ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದು ಮಾಡಿತು. ಅಕ್ಟೋಬರ್ 19ರ ಮರುಮತದಾನವನ್ನು ಪೊಲೀಸರು ತಡೆದರು. ಮತ್ತೆ ನಡೆದು ನವೆಂಬರ್ 16ಕ್ಕೆ ಮುಗಿದಾಗ ಯಾಮೀನ್ ಸುಮಾರು 6,000 ಮತಗಳಿಂದ ಗೆದ್ದಿದ್ದರು. ಆದರೂ ಆ ಗೆಲುವನ್ನು ನಾನು ಗೆಲುವೆಂದೇ ಲೆಕ್ಕ ಹಾಕುತ್ತೇನೆ. ತಕರಾರು ಆಮೇಲಿನದಕ್ಕೆ.

2015ರ ಫೆಬ್ರವರಿಯಲ್ಲಿ ನಶೀದ್ ಬಂಧನ, ಹಳೆಯ ನ್ಯಾಯಾಧೀಶರ ಪ್ರಕರಣವನ್ನೇ ಭಯೋತ್ಪಾದನೆಯೆಂದು ಕರೆದು ಮೂರು ವಾರ ತುಂಬುವ ಮೊದಲೇ 13 ವರ್ಷ ಶಿಕ್ಷೆ. ಉಪಾಧ್ಯಕ್ಷ ಜಮೀಲ್ ಅವರಿಗೆ ಜುಲೈನಲ್ಲಿ ಮಹಾಭಿಯೋಗ. ಅವರ ಜಾಗಕ್ಕೆ 33ರ ಅಹ್ಮದ್ ಅದೀಬ್ ಅವರನ್ನು ತರಲು ಸಂವಿಧಾನದ ವಯೋಮಿತಿಯನ್ನೇ 30ರಿಂದ 65 ಎಂದು ತಿದ್ದಿದರು. ಒಂದೇ ಏಟಿಗೆ ಗಯೂಮ್‌ರಂಥ ಹಿರಿಯರೂ ಸ್ಪರ್ಧೆಯಿಂದ ಹೊರಗೆ! ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ದೋಣಿಯಲ್ಲಿ ಸ್ಫೋಟ. ಬಾಂಬಿನ ಸುಳಿವು ಸಿಗಲಿಲ್ಲವೆಂದು ಅಮೆರಿಕದ ಎಫ್‌ಬಿಐ ಹೇಳಿದರೂ ಅದೀಬ್ ಮೂರೇ ತಿಂಗಳಿಗೆ ಉಪಾಧ್ಯಕ್ಷಗಿರಿಯಿಂದ ಸೆರೆಮನೆಗೆ. ನವೆಂಬರಿನಲ್ಲಿ ತುರ್ತು ಪರಿಸ್ಥಿತಿ.

ಪ್ರವಾಸೋದ್ಯಮಕ್ಕೆ ದ್ವೀಪಗಳನ್ನು ಗುತ್ತಿಗೆ ಕೊಡುವ ಸರ್ಕಾರಿ ಸಂಸ್ಥೆಯಿಂದ ಸುಮಾರು 8 ಕೋಟಿ ಡಾಲರು ಸೋರಿಹೋದದ್ದು ಬಯಲಾಯಿತು. ಪತ್ರಕರ್ತ ಅಹ್ಮದ್ ರಿಲ್ವಾನ್ 2014ರ ಆಗಸ್ಟಿನಲ್ಲಿ ಕಾಣೆಯಾದರು, ಅವರ ಗೆಳೆಯ ಯಾಮೀನ್ ರಶೀದ್ ಎಂಬ ಬರಹಗಾರನನ್ನು 2017ರ ಏಪ್ರಿಲಿನಲ್ಲಿ ಮನೆಯ ಮೆಟ್ಟಿಲಲ್ಲೇ ಇರಿದು ಕೊಂದರು. ಈ ಎರಡನ್ನು ಅಧ್ಯಕ್ಷರ ಲೆಕ್ಕಕ್ಕೆ ನೇರವಾಗಿ ಬರೆಯಲಾರೆ. ತನಿಖೆ ಹಳ್ಳ ಹಿಡಿದದ್ದಂತೂ ಅವರ ಆಳ್ವಿಕೆಯಲ್ಲೇ.

"2018ರಲ್ಲಿ ಕೋರ್ಟೇ ತಿರುಗಿಬಿತ್ತಂತೆ. ಸ್ವಲ್ಪ ಬಿಡಿಸಿ ಹೇಳಿ."

ಆಡಳಿತ ಪಕ್ಷ ಬಿಟ್ಟುಹೋದ 12 ಸಂಸದರು 2017ರಲ್ಲಿ ಪಕ್ಷಾಂತರದ ಹೆಸರಿನಲ್ಲಿ ಸ್ಥಾನ ಕಳೆದುಕೊಂಡಿದ್ದರು. 2018ರ ಫೆಬ್ರವರಿ 1ರ ರಾತ್ರಿ ಸರ್ವೋಚ್ಚ ನ್ಯಾಯಾಲಯ ಅವರ ಸ್ಥಾನ ಮರಳಿಸಿ, ಜೊತೆಗೆ ನಶೀದ್ ಸೇರಿ ಒಂಬತ್ತು ನಾಯಕರ ಶಿಕ್ಷೆಯನ್ನು ಬದಿಗಿಟ್ಟಿತು. ಅಂದರೆ ಮಜ್ಲಿಸ್‌ನಲ್ಲಿ ಯಾಮೀನ್ ಬಹುಮತ ಹೋದಂತೆಯೇ. ಆದೇಶ ಪಾಲಿಸುತ್ತೇವೆ ಎಂದ ಪೊಲೀಸ್ ಮುಖ್ಯಸ್ಥರನ್ನು ಆ ರಾತ್ರಿಯೇ ಕಿತ್ತುಹಾಕಿದರು. ಅವರ ನಂತರ ಬಂದವರೂ ಎರಡು ದಿನ ಉಳಿಯಲಿಲ್ಲ.

ಫೆಬ್ರವರಿ 5ರಂದು ತುರ್ತು ಪರಿಸ್ಥಿತಿ. ಮುಖ್ಯ ನ್ಯಾಯಮೂರ್ತಿ ಅಬ್ದುಲ್ಲ ಸಯೀದ್, ಇನ್ನೊಬ್ಬ ನ್ಯಾಯಮೂರ್ತಿ ಅಲಿ ಹಮೀದ್, ಜೊತೆಗೆ 80ರ ಗಯೂಮ್, ಮೂವರೂ ಸೆರೆ. ಉಳಿದ ಮೂವರು ನ್ಯಾಯಮೂರ್ತಿಗಳು ಮರುದಿನವೇ ಬಿಡುಗಡೆಯ ಆದೇಶವನ್ನು ವಾಪಸು ಪಡೆದರು. 45 ದಿನ ಹಾಗೇ ನಡೆಯಿತು.

"ಹಾಗಿದ್ದೂ ಅವನು ಹೋದದ್ದು ಹೇಗೆ? ಜನ ದಂಗೆ ಎದ್ದರಾ?"

ಸರತಿ ನಿಂತರು. ಪರಸ್ಪರ ಜೈಲಿಗೆ ಹಾಕಿಕೊಂಡಿದ್ದ ನಶೀದ್ ಮತ್ತು ಗಯೂಮ್ ಬಳಗ ಒಂದಾಗಿ ಇಬ್ರಾಹಿಂ ಮೊಹಮ್ಮದ್ ಸೋಲಿಹ್ ಎಂಬ ಸೌಮ್ಯ ಸಂಸದರನ್ನು ನಿಲ್ಲಿಸಿತು. ಸೆಪ್ಟೆಂಬರ್ 23ರಂದು ಶೇ 89 ಮತದಾನ. ನಮ್ಮಲ್ಲಿ ಬೆಂಗಳೂರಿನ ಮತಗಟ್ಟೆಗಳಲ್ಲಿ ಇದರ ಮುಕ್ಕಾಲು ಕಂಡರೂ ಹಬ್ಬ. ಸೋಲಿಹ್ 38,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ತಮ್ಮ ಹೆಸರಿನ ಮುಂದಿನ ಗುರುತು ಮಾಯವಾಗುವ ಶಾಯಿ ಬಳಸಿದ್ದಾರೆ ಎಂದು ಯಾಮೀನ್ ಕೋರ್ಟಿಗೆ ಹೋದರು! ಅಕ್ಟೋಬರಿನಲ್ಲಿ ಅರ್ಜಿ ವಜಾ ಆಯಿತು, ನವೆಂಬರ್ 17ಕ್ಕೆ ಇಳಿದರು. ಐರೋಪ್ಯ ಒಕ್ಕೂಟದ ನಿರ್ಬಂಧದ ಬೆದರಿಕೆಯೂ ಕೆಲಸ ಮಾಡಿತ್ತು.

"ಆಗ ನಾವು ಸೈನ್ಯ ಯಾಕೆ ಕಳಿಸಲಿಲ್ಲ? ನಶೀದ್ ಕೇಳಿದ್ದರಲ್ಲ?"

1988ರಲ್ಲಿ ಕರೆದದ್ದು ಕುರ್ಚಿಯಲ್ಲಿದ್ದ ಅಧ್ಯಕ್ಷ, 2018ರಲ್ಲಿ ದೇಶದ ಹೊರಗಿದ್ದ ವಿರೋಧಿ. ಹೋಗಿದ್ದರೆ ಯಾಮೀನ್ ರಾತ್ರೋರಾತ್ರಿ ದೇಶಭಕ್ತರಾಗುತ್ತಿದ್ದರು. ಭಾರತ ಹೇಳಿಕೆ ಕೊಟ್ಟು ಕಾದದ್ದೇ ಸರಿಯೆನ್ನಿಸುತ್ತದೆ.

## ಆಳಕ್ಕೆ ಇಳಿಯುವವರಿಗೆ

"ಯಾರು ಬಂದರೂ ಅದೇ ಆರೋಪ. ಆ ಜನರ ಗುಣವೇ ಹಾಗಾ?"

ಹೀಗೆ ಕೇಳಿದವರ ಮೇಲೆ ನನಗೆ ತುಸು ಸಿಟ್ಟು ಬರುತ್ತದೆ. ಒಮ್ಮೆ ಈ ಸರಪಳಿ ನೋಡಿ. ನಾಸಿರ್ 1973ರಲ್ಲಿ ಗಯೂಮ್ ಅವರನ್ನು ಗಡೀಪಾರು ಮಾಡಿದರು. ಗಯೂಮ್ ನಶೀದ್ ಅವರನ್ನು ಜೈಲಿಗೆ ಹಾಕಿದರು. ನಶೀದ್ ಯಾಮೀನ್ ಅವರನ್ನು ವಶದಲ್ಲಿಟ್ಟರು. ಯಾಮೀನ್ ನಶೀದ್ ಅವರನ್ನೂ ಮಲಅಣ್ಣ ಗಯೂಮ್ ಅವರನ್ನೂ ಸೆರೆಗೆ ತಳ್ಳಿದರು. ಸೋಲಿಹ್ ಕಾಲದಲ್ಲಿ ಯಾಮೀನ್ ಅವರಿಗೆ ಭ್ರಷ್ಟಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಯಿತು, 2022ರ ಡಿಸೆಂಬರಿನಲ್ಲಿ 11 ವರ್ಷ. 2024ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ ಮರುವಿಚಾರಣೆಗೆ ಹೇಳಿತು.

ಇವರೆಲ್ಲ ಒಂದೇ ಬಗೆಯ ಮನುಷ್ಯರಲ್ಲ. ಎಲ್ಲರಿಗೂ ಸಿಕ್ಕ ಕೀಲಿಕೈ ಒಂದೇ. ನ್ಯಾಯಾಧೀಶರನ್ನು ಇಡುವ-ತೆಗೆಯುವ ಆಯೋಗ, ಪೊಲೀಸ್ ಮುಖ್ಯಸ್ಥನ ಹುದ್ದೆ, ಸರ್ಕಾರಿ ಕಂಪನಿಗಳ ನೌಕರಿ, ಮಾಲೆ ಪಕ್ಕದ ಹುಲುಮಾಲೆ ದ್ವೀಪದ ಫ್ಲ್ಯಾಟುಗಳ ಹಂಚಿಕೆ. ಮಾಲೆಯಲ್ಲಿ ಒಂದು ಕೋಣೆಯ ಬಾಡಿಗೆಗೆ ಸಂಬಳದ ಬಹುಪಾಲು ಹೋಗುವಾಗ ಫ್ಲ್ಯಾಟು ಸಣ್ಣ ಆಮಿಷವಲ್ಲ. ವಿರೋಧದಲ್ಲಿದ್ದಾಗ ಈ ಕೀಲಿಯನ್ನು ಸಮುದ್ರಕ್ಕೆ ಎಸೆಯುತ್ತೇವೆ ಎಂದವರೇ ಗೆದ್ದಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮುಯಿಜ್ಜು ಬಗ್ಗೆ ಹೇಳಿ. 'ಇಂಡಿಯಾ ಔಟ್' ಅಂದದ್ದಕ್ಕೆ ನಮಗೆ ಕೋಪ, ಅದು ಬಿಟ್ಟು?"

ಅದು ಬಿಟ್ಟೇ ನೋಡಬೇಕು. ಮೊಹಮ್ಮದ್ ಮುಯಿಜ್ಜು 2023ರ ಸೆಪ್ಟೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಶೇ 54 ಮತ ಪಡೆದು ನ್ಯಾಯವಾಗಿ ಗೆದ್ದವರು. 2024ರ ಏಪ್ರಿಲಿನಲ್ಲಿ ಅವರ ಪಕ್ಷಕ್ಕೆ ಮಜ್ಲಿಸ್‌ನ 93ರಲ್ಲಿ 66 ಸ್ಥಾನ ಬಂದವು. ಆಮೇಲಿನದು ನನಗೆ ಪರಿಚಿತ ದಾರಿಯಂತೆ ಕಾಣುತ್ತದೆ.

2024ರ ನವೆಂಬರ್ 20ರಂದು, ಪಕ್ಷ ಬಿಟ್ಟ ಅಥವಾ ಪಕ್ಷ ಹೊರಹಾಕಿದ ಸಂಸದ ಸ್ಥಾನ ಕಳೆದುಕೊಳ್ಳುವ ಸಂವಿಧಾನ ತಿದ್ದುಪಡಿ ಒಂದೇ ದಿನದಲ್ಲಿ ಪಾಸಾಗಿ ಅಂಕಿತವೂ ಬಿತ್ತು. ಪಕ್ಷಾಂತರ ತಡೆ ನಮ್ಮಲ್ಲೂ ಇದೆ, ಅದರಲ್ಲೇನು ಎನ್ನಬಹುದು. ನಮ್ಮಲ್ಲಿ ಪಕ್ಷ ಉಚ್ಚಾಟಿಸಿದ ಮಾತ್ರಕ್ಕೆ ಸ್ಥಾನ ಹೋಗುವುದಿಲ್ಲ. ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದಾಗ, 2025ರ ಫೆಬ್ರವರಿ 26ರಂದು, ಅದನ್ನು ಆಲಿಸುತ್ತಿದ್ದ ಪೀಠದ ಮೂವರು ನ್ಯಾಯಮೂರ್ತಿಗಳನ್ನು ನ್ಯಾಯಾಂಗ ಸೇವಾ ಆಯೋಗ ಅಮಾನತು ಮಾಡಿತು. ಒಬ್ಬರು ರಾಜೀನಾಮೆ ಕೊಟ್ಟರು, ಇಬ್ಬರನ್ನು ಮೇ ತಿಂಗಳಲ್ಲಿ ಮಜ್ಲಿಸ್ ವಜಾ ಮಾಡಿತು.

ಅದೇ ಮೇ ತಿಂಗಳ 3ರಂದು, ಪತ್ರಿಕಾ ಸ್ವಾತಂತ್ರ್ಯ ದಿನ, ಮುಯಿಜ್ಜು ಸುಮಾರು 15 ಗಂಟೆ ಬಿಡದೆ ಪತ್ರಿಕಾಗೋಷ್ಠಿ ನಡೆಸಿ ದಾಖಲೆ ಎಂದರು. ಸೆಪ್ಟೆಂಬರಿನಲ್ಲಿ ಮಾಧ್ಯಮಗಳಿಗೆ ದಂಡ ಹಾಕುವ, ಬಾಗಿಲು ಮುಚ್ಚಿಸುವ ಅಧಿಕಾರವುಳ್ಳ ಆಯೋಗದ ಕಾಯ್ದೆಗೆ ಸಹಿ ಹಾಕಿದರು. ಪತ್ರಕರ್ತರು ಬೀದಿಗಿಳಿದರು.

ಸರ್ವಾಧಿಕಾರಿ ಎಂಬ ಪದವನ್ನು ಇವರಿಗೆ ನಾನಿನ್ನೂ ಬಳಸುವುದಿಲ್ಲ. ವಿರೋಧಿಗಳು ಸಭೆ ಮಾಡುತ್ತಿದ್ದಾರೆ, ಪತ್ರಿಕೆಗಳು ಬೈಯುತ್ತಿವೆ.

"ಶ್ರೀಲಂಕಾ, ಬಾಂಗ್ಲಾ, ನೇಪಾಳ ಆಯ್ತು. ಮುಂದೆ ಮಾಲ್ದೀವ್ಸಾ?"

2022, 2024, 2025ರಲ್ಲಿ ಆ ಮೂರೂ ಕಡೆ ಸರ್ಕಾರಗಳು ಬೀದಿಯಲ್ಲಿ ಬಿದ್ದವು, ನಿಜ. ಸಾಲದ ಹೊರೆ, ಡಾಲರ್ ಕೊರತೆ, ಯುವಕರ ಅಸಮಾಧಾನ ಮಾಲ್ದೀವ್ಸಿನಲ್ಲೂ ಇವೆ. ಆದರೂ ಆ ಬಗೆಯ ಜನದಂಗೆ ಅಲ್ಲಿ ಹತ್ತಿರದಲ್ಲಿದೆ ಎಂದು ನನಗನ್ನಿಸುವುದಿಲ್ಲ. 2008ರಿಂದ 2023ರವರೆಗಿನ ನಾಲ್ಕು ಅಧ್ಯಕ್ಷೀಯ ಚುನಾವಣೆಗಳಲ್ಲಿ ಕುರ್ಚಿಯಲ್ಲಿದ್ದ ಒಬ್ಬರೂ ಮತ್ತೆ ಗೆದ್ದಿಲ್ಲ. ಮತಪೆಟ್ಟಿಗೆಯಿಂದ ಇಳಿಸಬಹುದು ಎಂಬ ಅನುಭವ ಇರುವ ತನಕ ಜನ ಐದು ವರ್ಷ ಕಾಯುತ್ತಾರೆ. ಇನ್ನೊಂದು, ಕುಟುಂಬ. ನಮ್ಮ ದ್ವೀಪದಲ್ಲಿ ಒಂದೇ ಬೇಲಿಯ ಅಣ್ಣನ ಮನೆಗೆ ಎಂಡಿಪಿಯ ಹಳದಿ ಬಣ್ಣ, ತಮ್ಮನ ಮನೆಗೆ ಯಾಮೀನ್ ಪಕ್ಷದ ಗುಲಾಬಿ. ರಾತ್ರಿ ಮೈಕಿನಲ್ಲಿ ಬೈದಾಡಿಕೊಂಡು ಬೆಳಗ್ಗೆ ಸೈ ಹೋಟಾ ಎಂಬ ಚಹಾ ಅಂಗಡಿಯಲ್ಲಿ ಒಂದೇ ಮೇಜಿಗೆ ಕುಳಿತು ಹೆಧಿಕಾ ತಿನ್ನುತ್ತಿದ್ದರು. ಮೀನಿನ ಕರಿದ ತಿಂಡಿ, ಕಪ್ಪು ಚಹಾ.

ಅಲ್ಲಿ ಸರ್ಕಾರ ಅಲುಗಾಡಿದ್ದು ಗುಂಪು ದೊಡ್ಡದಾದಾಗಲ್ಲ, ಸಮವಸ್ತ್ರದವರು ಎರಡು ಬಣವಾದಾಗ. 2012ರಲ್ಲಿ ಅದೇ, 2018ರಲ್ಲಿ ಆಗಲಿಕ್ಕಿದ್ದದ್ದೂ ಅದೇ. ಹಾಗಾಗಿ ಮೆರವಣಿಗೆಯ ಫೋಟೋ ಕಳಿಸಿ 'ಶುರುವಾಯ್ತಾ?' ಎಂದು ಕೇಳುವವರಿಗೆ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ಪೊಲೀಸ್ ಕಮಿಷನರ್ ನಿನ್ನೆಯವರೇನಾ?